ಗೋಡೆಯ ಮೇಲಿನ ಬೀಗದ ಕೈ

ಮನೆಗೆ ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವುದು, ಬಾಯಾರಿಕೆಗೆ ಮಜ್ಜಿಗೆಯನ್ನೋ ಪಾನಕವನ್ನೋ ಕೊಡುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಮರ್ಯಾದೆಯಷ್ಟೆ. ಈಚೆಗೆ ಅದರ ಸಾಲಿಗೆ ಮತ್ತೊಂದು ಸೇರಿಕೊಂಡಿದೆ. ಬಂದವರು ಕುಳಿತು, ಕ್ಷೇಮಸಮಾಚಾರವು ಇನ್ನೂ ಅರ್ಧ ಮುಗಿದಿರುವಾಗಲೇ, "ನಿಮ್ಮ ವೈಫೈ ಪಾಸ್‌ವರ್ಡ್ ಏನು?" ಎಂದು ಕೇಳುವರು. ನಮ್ಮ ದೊಡ್ಡಮ್ಮನವರು ಇದನ್ನು ಮೊದಲು ಕೇಳಿದಾಗ, "ಮುಂಚೆ ಬಂದವರು ನೀರು ಕೇಳುತ್ತಿದ್ದರು, ಈಗ ಇದನ್ನು ಕೇಳುತ್ತಾರೆ. ಕೊಟ್ಟುಬಿಡಿರಪ್ಪ, ಬಾಯಾರಿರಬೇಕು" ಎಂದರು. ನಾವೆಲ್ಲರೂ ನಕ್ಕೆವು. ಆದರೆ ಕೊಡುವುದು ಅಷ್ಟು ಸುಲಭವಾಗಿರಲಿಲ್ಲ.

ವೈಫೈಯ ಪಾಸ್‌ವರ್ಡು 8 ಅಕ್ಷರಗಳಿಗೆ ಕಡಿಮೆ ಇರಕೂಡದು, 63ರವರೆಗೆ ಇರಬಹುದು. ನಮ್ಮ ಮನೆಗೆ ಡಬ್ಬಿಯನ್ನು ಜೋಡಿಸಿಕೊಡಲು ಬಂದಿದ್ದ ಯುವಕನು ಬಹಳ ಮುತುವರ್ಜಿಯವನು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕೆ, ನಡುವೆ ಒಂದು ಚಿಹ್ನೆ, ಇವುಗಳನ್ನೆಲ್ಲ ಬೆರೆಸಿ 16 ಅಕ್ಷರಗಳ ಒಂದು ಮಾಲೆಯನ್ನು ಕಟ್ಟಿ ಹೋಗಿದ್ದನು. ಅದನ್ನು ಬಾಯಲ್ಲಿ ಹೇಳುವುದೆಂದರೆ ವಿಷ್ಣುಸಹಸ್ರನಾಮವನ್ನು ತಿರುಗುಮುರುಗಾಗಿ ಹೇಳಿದಂತೆ. "ಅದು ಓ ಅಕ್ಷರವೋ, ಸೊನ್ನೆಯೋ?" "ಸೊನ್ನೆ." "ಆಮೇಲಿನದು ಒಂದೋ, ಸಣ್ಣ ಎಲ್ಲೋ?" "ಅದು ದೊಡ್ಡ ಐ." ಇಷ್ಟರಲ್ಲಿ ಕಾಫಿ ಆರಿಹೋಗಿರುತ್ತಿತ್ತು.

ನೆಂಟರ ಕಷ್ಟವು ಹೇಗಾದರೂ ಇರಲಿ. ನಮ್ಮ ದೊಡ್ಡಮ್ಮನವರ ಕಷ್ಟವು ಬೇರೆಯಾದುದು. ಅವರಿಗೆ 78 ವರ್ಷ. ಈ ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ, ಜಾಹೀರಾತುಗಳನ್ನೂ ಬಿಡದೆ ಓದುವವರು. ಆದರೆ ಇಂಗ್ಲಿಷ್ ಅಕ್ಷರಗಳನ್ನು ಕಲಿತವರಲ್ಲ. ಅವರ ಮಗಳು ಅಮೆರಿಕದಲ್ಲಿರುವಳು. ಮಗಳೊಡನೆ ಮುಖ ನೋಡಿ ಮಾತನಾಡುವುದಕ್ಕೆ ಅವರಿಗೆ ವೈಫೈ ಬೇಕು. ಊರಿನಿಂದ ನಮ್ಮಲ್ಲಿಗೆ ಬಂದಾಗಲಾಗಲಿ, ಇಲ್ಲಿಂದ ಮತ್ತೊಬ್ಬ ಮಗನ ಮನೆಗೆ ಹೋದಾಗಲಾಗಲಿ, ಯಾರಾದರೂ ಬಿಡುವು ಮಾಡಿಕೊಂಡು ಅವರ ಮೊಬೈಲಿಗೆ ಪಾಸ್‌ವರ್ಡನ್ನು ಒತ್ತಿಕೊಡುವವರೆಗೂ ಅವರು ಕಾಯುತ್ತಿದ್ದರು. "ನಿಮಗೆ ಕೆಲಸವಿದ್ದರೆ ಆಮೇಲೆ ಆಗಲಿ" ಎನ್ನುತ್ತಿದ್ದರು. ಸ್ವಂತ ಮನೆಯಲ್ಲಿ ತನ್ನ ಮಗಳೊಡನೆ ಮಾತನಾಡುವುದಕ್ಕೆ ಹೀಗೆ ಮತ್ತೊಬ್ಬರ ಕೈ ಕಾಯಬೇಕಾದ ಸಂಕೋಚವು ವಯಸ್ಸಾದವರಿಗೆ ಎಷ್ಟು ನೋವುಂಟುಮಾಡುವುದೆಂಬುದನ್ನು ನಾವು ಬಹುಕಾಲ ಗಮನಿಸಲೇ ಇಲ್ಲ.

ಇದಕ್ಕೆ ಪರಿಹಾರವನ್ನು ತೋರಿಸಿದವನು ನಮ್ಮ ತಂಗಿಯ ಮಗ, ಹೈಸ್ಕೂಲಿನಲ್ಲಿ ಓದುವವನು. ಅವನು ತನ್ನ ಮೊಬೈಲಿನಲ್ಲಿ ಏನನ್ನೋ ಒತ್ತಿ, ಕಪ್ಪು ಬಿಳುಪಿನ ಒಂದು ಚೌಕವನ್ನು ತೋರಿಸಿ, "ಅಜ್ಜಿ, ನಿಮ್ಮ ಫೋನನ್ನು ಇದರ ಮುಂದೆ ಹಿಡಿಯಿರಿ" ಎಂದನು. ಅಜ್ಜಿ ಹಿಡಿದರು. ಒಂದೇ ಸಲ ಒತ್ತಿದರು. ಆಯಿತು. ಅಂಗಡಿಯಲ್ಲಿ ತರಕಾರಿಗೆ ದುಡ್ಡು ಕೊಡುವಾಗ ನಾವು ದಿನವೂ ನೋಡುವ ಕ್ಯೂಆರ್ ಕೋಡ್ ಎಂಬ ಚೌಕವೇ ಅದು. ಅದು ವೈಫೈಗೂ ಆಗುವುದೆಂಬುದನ್ನು ಕೇಳಿ, ಬರೆದು ತಿಳಿಸಬೇಕೆಂದು ಈ ಅಂಕಣದ ವಾಚಕರಾದ ಗೃಹಿಣಿಯೊಬ್ಬರು ಕೇಳಿರುವರು. ಅವರ ಬಿನ್ನಹದಂತೆ ಅದರ ವಿಧಾನವನ್ನೂ, ನಾವು ಪಟ್ಟ ಒಂದು ಫಜೀತಿಯನ್ನೂ ಕೂಡಿಯೇ ಹೇಳುವೆವು.

ಈ ಚೌಕವು ಹುಟ್ಟಿದ್ದು 1994ನೆಯ ಇಸವಿಯಲ್ಲಿ, ಜಪಾನಿನಲ್ಲಿ. ಮೋಟಾರು ವಾಹನಗಳ ಭಾಗಗಳನ್ನು ತಯಾರಿಸುವ ಡೆನ್ಸೊ ಎಂಬ ಕಂಪನಿಯಲ್ಲಿ ಮಸಾಹಿರೊ ಹಾರ ಎಂಬ ಇಂಜಿನಿಯರರೂ ಅವರ ಸಂಗಡಿಗರೂ ಇದನ್ನು ರೂಪಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಗೆರೆಗೆರೆಯ ಪಟ್ಟಿಯಲ್ಲಿ ಸುಮಾರು 20 ಅಕ್ಷರಗಳಷ್ಟು ವಿವರವು ಮಾತ್ರ ಹಿಡಿಸುತ್ತಿತ್ತು; ಒಂದೊಂದು ಪೆಟ್ಟಿಗೆಯ ಮೇಲೂ ಹತ್ತು ಪಟ್ಟಿಗಳನ್ನು ಓದಿ ಓದಿ ಕಾರ್ಖಾನೆಯವರು ಬೇಸತ್ತಿದ್ದರು. ಕಪ್ಪು ಬಿಳಿ ಕಾಯಿಗಳನ್ನು ಚೌಕಳಿಯ ಹಲಗೆಯ ಮೇಲಿಟ್ಟು ಆಡುವ ಗೋ ಎಂಬ ಆಟದಿಂದ ಹಾರ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುವರು. ಗೆರೆಯ ಪಟ್ಟಿಯನ್ನು ಒಂದೇ ದಿಕ್ಕಿನಲ್ಲಿ ಓದಬೇಕು. ಚೌಕವನ್ನಾದರೋ ಅಡ್ಡಲಾಗಿಯೂ ಉದ್ದವಾಗಿಯೂ ತುಂಬಬಹುದು. ಆದುದರಿಂದ ಒಂದು ಚೌಕದಲ್ಲಿ 7089 ಅಂಕೆಗಳವರೆಗೆ ಹಿಡಿಸಲು ಸಾಧ್ಯವಾಯಿತು. ಕಂಪನಿಯವರು ತಮ್ಮ ಪೇಟೆಂಟ್ ಹಕ್ಕನ್ನು ಚಲಾಯಿಸದೆ, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಇಂದು ಸೊಪ್ಪಿನ ಗಾಡಿಯವರೆಗೂ ಅದು ಬಂದಿರುವುದಕ್ಕೆ ಆ ಔದಾರ್ಯವೂ ಒಂದು ಕಾರಣ.

ಚೌಕದ ಮೂರು ಮೂಲೆಗಳಲ್ಲಿ ಮೂರು ದೊಡ್ಡ ಕಣ್ಣುಗಳಿರುವುದನ್ನು ವಾಚಕರು ನೋಡಿಯೇ ಇರುವರು. ಈ ಕಣ್ಣಿನ ನಡುವೆ ಒಂದು ಗೆರೆಯನ್ನು ಎಳೆದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಬರುವುದಲ್ಲವೆ? ಅವುಗಳ ಅಗಲವು 1:1:3:1:1 ಎಂಬ ಪ್ರಮಾಣದಲ್ಲಿರುವುದು. ಅಚ್ಚಾದ ಕಾಗದಗಳನ್ನೂ ಪೆಟ್ಟಿಗೆಗಳನ್ನೂ ಪರಿಶೀಲಿಸಿ, ಅವುಗಳಲ್ಲಿ ಅತಿ ವಿರಳವಾಗಿ ಕಾಣಬರುವ ಪ್ರಮಾಣ ಯಾವುದೆಂದು ಹುಡುಕಿ ಇದನ್ನು ಆರಿಸಿದರಂತೆ. ಮೊಬೈಲಿನ ಕ್ಯಾಮೆರಾವು ಮೊದಲು ಈ ಮೂರು ಕಣ್ಣುಗಳನ್ನು ಹುಡುಕುವುದು; ಅವು ಸಿಕ್ಕ ಕೂಡಲೆ ಕಾಗದವು ಓರೆಯಾಗಿದ್ದರೂ, ತಲೆಕೆಳಗಾಗಿದ್ದರೂ ಯಾವುದು ಮೇಲು, ಯಾವುದು ಕೆಳಗೆ ಎಂಬುದು ಅದಕ್ಕೆ ತಿಳಿಯುವುದು.

ಇನ್ನೊಂದು ಚಮತ್ಕಾರವನ್ನು ಹೇಳಲೇಬೇಕು. ಅಂಗಳದಲ್ಲಿ ಹಾಕಿದ ರಂಗೋಲಿಯ ಒಂದು ಮೂಲೆಯನ್ನು ಹಸು ತುಳಿದು ಅಳಿಸಿದರೂ, ಉಳಿದ ಎಳೆಗಳನ್ನು ನೋಡಿ ಮನೆಯ ಹೆಣ್ಣುಮಕ್ಕಳು ಅದನ್ನು ಪೂರ್ತಿಮಾಡಬಲ್ಲರು. ಅದೇ ರೀತಿ ಈ ಚೌಕದಲ್ಲಿ ಮೂಲ ವಿವರದ ಜೊತೆಗೆ, ಹಾಳಾದ ಭಾಗವನ್ನು ಲೆಕ್ಕಹಾಕಿ ತುಂಬಿಕೊಳ್ಳುವುದಕ್ಕೆ ಬೇಕಾದ ಹೆಚ್ಚಿನ ಚುಕ್ಕೆಗಳನ್ನೂ ಸೇರಿಸಿರುವರು. ಇದಕ್ಕೆ ಆಧಾರವಾದ ಗಣಿತವನ್ನು ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ವಿದ್ವಾಂಸರು 1960ರಲ್ಲಿಯೇ ಪ್ರಕಟಿಸಿದ್ದರು. ಚೌಕವನ್ನು ಬರೆಯುವಾಗ ಆರಿಸಿಕೊಂಡ ದರ್ಜೆಯಂತೆ ಶೇಕಡಾ 7, 15, 25 ಅಥವಾ 30ರಷ್ಟು ಕೆಟ್ಟರೂ ಓದಲಾಗುವುದು. ನಮ್ಮ ಮನೆಯ ಕಾಗದಕ್ಕೆ ಒಮ್ಮೆ ಅರಿಸಿನದ ಕೈ ತಾಗಿ ಬೆರಳಗಲದ ಕಲೆಯಾಗಿತ್ತು. ಆದರೂ ಅದು ಕೆಲಸ ಮಾಡುತ್ತಲೇ ಇದ್ದಿತು. ಆದರೆ ಮೂಲೆಯ ಕಣ್ಣುಗಳಿಗೆ ಈ ರಕ್ಷಣೆಯಿಲ್ಲ. ಸುತ್ತಲಿನ ಬಿಳಿಯ ಅಂಚನ್ನೂ ಮುಟ್ಟಬಾರದು. ಒಂದು ಸಣ್ಣ ಚುಕ್ಕೆಯ ನಾಲ್ಕರಷ್ಟು ಅಗಲದ ಬಿಳಿಯು ಸುತ್ತಲೂ ಇರಲೇಬೇಕು. ಇದನ್ನರಿಯದೆ ಹುಡುಗರು ಅಂಚಿಗೆ ಒತ್ತಿ ಹೂವಿನ ಬಳ್ಳಿಯ ಚಿತ್ರವನ್ನು ಬರೆದಿದ್ದರಿಂದ ನಮ್ಮ ಮೊದಲನೆಯ ಕಾಗದವು ಯಾರ ಮೊಬೈಲಿಗೂ ಒಗ್ಗದೆ ಹೋಯಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಚೌಕದೊಳಗೆ ಏನು ಬರೆದಿದೆ? ಅನೇಕರು ಇದನ್ನು ಒಂದು ಮುದ್ರೆಯೆಂದೋ, ಒಳಗಿನದನ್ನು ಯಾರೂ ಕಾಣದಂತೆ ಮುಚ್ಚಿಟ್ಟ ಗುಪ್ತಲಿಪಿಯೆಂದೋ ಭಾವಿಸಿರುವರು. ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ಅದರೊಳಗಿರುವುದು ಒಂದೇ ಸಾಲು. ಮೊದಲು ವೈಫೈ ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳು. ಟೀ ಎಂಬ ಅಕ್ಷರದ ಮುಂದೆ ಬೀಗವು ಯಾವ ಜಾತಿಯದೆಂಬುದು. ಎಸ್ ಎಂಬುದರ ಮುಂದೆ ನಿಮ್ಮ ವೈಫೈಯ ಹೆಸರು. ಪೀ ಎಂಬುದರ ಮುಂದೆ ಪಾಸ್‌ವರ್ಡು. ಪಾಸ್‌ವರ್ಡು ಎಂದರೆ ಪಾಸ್‌ವರ್ಡೇ; ಇದ್ದ ಹಾಗೆಯೇ, ಯಾವ ಮುಸುಕೂ ಇಲ್ಲದೆ. ಕನ್ನಡದ ಸಾಲನ್ನು ಮೋಡಿಯಲ್ಲಿ ಬರೆದರೆ ಮೋಡಿ ಬಾರದವನಿಗೆ ಅದು ಗುಟ್ಟು, ಬಲ್ಲವನಿಗೆ ಗುಟ್ಟಲ್ಲ. ಈ ಚೌಕದ ಮೋಡಿಯನ್ನಾದರೋ ಇಂದು ಪ್ರತಿಯೊಬ್ಬನ ಜೇಬಿನಲ್ಲಿರುವ ಮೊಬೈಲೂ ಬಲ್ಲದು. ಐಫೋನಿನ ಕ್ಯಾಮೆರಾವು 2017ರಿಂದಲೂ ಇದನ್ನು ತಾನಾಗಿಯೇ ಓದುತ್ತಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ 2019ರ ಹತ್ತನೆಯ ಆವೃತ್ತಿಯಿಂದ ಓದುವ, ತೋರಿಸುವ ಎರಡು ಸೌಕರ್ಯಗಳೂ ಬಂದಿವೆ.

ಇದನ್ನರಿಯದೆ ನಾವು ಮಾಡಿದ್ದೇನೆಂದರೆ: ಕಳೆದ ವರ್ಷ ಮೊಮ್ಮಗುವಿನ ನಾಮಕರಣಕ್ಕೆ ನೂರು ಜನ ಬರುವರೆಂದು, ಆ ಚೌಕವನ್ನು ದೊಡ್ಡದಾಗಿ ಅಚ್ಚುಮಾಡಿಸಿ, ಹೊರಗಿನ ಪಡಸಾಲೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆವು. ಬಂದವರೆಲ್ಲರೂ ಹೊಗಳಿದರು. ಯಾರೊಬ್ಬರೂ ಪಾಸ್‌ವರ್ಡ್ ಕೇಳಿ ಅಡಿಗೆಮನೆಯವರೆಗೆ ಬರಲಿಲ್ಲ. ಸಮಾರಂಭವು ಮುಗಿಯಿತು; ಶಾಮಿಯಾನ ಬಿಚ್ಚಿದರು; ಪಾತ್ರೆಗಳನ್ನು ಹಿಂದಿರುಗಿಸಿದೆವು; ಗೋಡೆಯ ಕಾಗದವು ಮಾತ್ರ ಹಾಗೆಯೇ ಉಳಿಯಿತು.

ಎರಡು ತಿಂಗಳ ತರುವಾಯ ಸಂಜೆಯ ಹೊತ್ತು ವೈಫೈ ಮಂದವಾಗತೊಡಗಿತು. ಅಮೆರಿಕದ ಮಗಳ ಮುಖವು ನಿಂತು ನಿಂತು ಬರುವುದೆಂದು ದೊಡ್ಡಮ್ಮನವರು ಹೇಳಿದರು. ಕಂಪನಿಯವರಿಗೆ ದೂರು ಕೊಟ್ಟೆವು, ತಂತಿಯಲ್ಲಿ ದೋಷವಿಲ್ಲವೆಂದರು. ಕಡೆಗೆ ತಂಗಿಯ ಮಗನು ಡಬ್ಬಿಯ ಒಳಲೆಕ್ಕವನ್ನು ತೆಗೆದು ನೋಡಿದನು. ನಮ್ಮ ಮನೆಯಲ್ಲಿರುವುದು ಎಲ್ಲ ಸೇರಿ ಏಳು ಉಪಕರಣಗಳು. ಅಲ್ಲಿ 19 ಇದ್ದವು. ನಮ್ಮ ಮನೆಯ ಹಿಂದಿನ ವಠಾರದಲ್ಲಿ ಬಾಡಿಗೆಗೆ ಇರುವ ವಿದ್ಯಾರ್ಥಿಗಳು ನಾಮಕರಣದ ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬನು ಕಾಗದದ ಫೋಟೋ ತೆಗೆದುಕೊಂಡಿದ್ದನು. ಅದು ಒಬ್ಬರಿಂದೊಬ್ಬರಿಗೆ ಹೋಗಿತ್ತು. ಕರೆದು ಕೇಳಿದಾಗ ಆ ಹುಡುಗನು ಏನನ್ನೂ ಮರೆಮಾಚದೆ, "ಸಾರ್, ಗೋಡೆಯ ಮೇಲೆ ಹಾಕಿದ್ದಿರಲ್ಲ; ಎಲ್ಲರಿಗೂ ಅಂತ ತಿಳಿದುಕೊಂಡೆವು" ಎಂದನು. ನಮಗೆ ಉತ್ತರ ತೋಚಲಿಲ್ಲ. ಬೀಗದ ಕೈಯನ್ನು ಬಾಗಿಲಿನ ಹೊರಗೆ ಮೊಳೆಗೆ ನೇತುಹಾಕಿದವರು ಒಳಗೆ ಬಂದವನನ್ನು ಕಳ್ಳನೆನ್ನುವುದು ಹೇಗೆ?

ಹುಡುಗರು ಸಿನೆಮಾ ನೋಡಿಕೊಂಡರೆ ನಷ್ಟವೇನೆಂದು ಕೆಲವರು ಕೇಳಬಹುದು. ನಿಜ, ಅದು ದೊಡ್ಡ ನಷ್ಟವಲ್ಲ. ಆದರೆ ಸಂಪರ್ಕವಿರುವುದು ಮನೆಯ ಯಜಮಾನನ ಹೆಸರಿನಲ್ಲಿ. ಅದರ ಮೂಲಕ ಯಾರು ಏನು ಮಾಡಿದರೂ ವಿಚಾರಣೆಯು ಮೊದಲು ಬರುವುದು ಅವನ ಬಾಗಿಲಿಗೆ. 2008ನೆಯ ಇಸವಿ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದು ಅನೇಕರು ಮಡಿದರಷ್ಟೆ. ಆ ಸ್ಫೋಟದ ಹೊಣೆ ಹೊತ್ತವರು ಕಳುಹಿಸಿದ ಇಮೇಲಿನ ಜಾಡು ಹಿಡಿದು ಪೊಲೀಸರು ಹೋದುದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ನನ ಮನೆಗೆ. ಆತನ ವೈಫೈಗೆ ಭದ್ರವಾದ ಬೀಗವಿರಲಿಲ್ಲ. ಬೇರೆ ಯಾರೋ ಅದನ್ನು ಬಳಸಿಕೊಂಡಿದ್ದರು. ಏನೂ ಅರಿಯದ ಮನುಷ್ಯನು ತಿಂಗಳಲ್ಲಿ ಎಷ್ಟು ಸಲ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತೆಂಬುದನ್ನು ಆಗಿನ ದಿನಪತ್ರಿಕೆಗಳನ್ನು ಓದಿದವರು ಬಲ್ಲರು. ಇದನ್ನು ನೆನೆದುಕೊಂಡಾಗ ನಮ್ಮ ಗೋಡೆಯ ಕಾಗದವು ನಮಗೆ ಅಷ್ಟೇನೂ ಅಂದವಾಗಿ ಕಾಣಲಿಲ್ಲ.

ಕಾಗದವನ್ನು ಹರಿದು ಹಾಕಿದರೆ ಸಾಲದು. ಒಮ್ಮೆ ಸೇರಿಕೊಂಡ ಮೊಬೈಲು ಪಾಸ್‌ವರ್ಡನ್ನು ನೆನಪಿನಲ್ಲಿಟ್ಟುಕೊಂಡಿರುವುದು. ಫೋಟೋ ಸಹ ಉಳಿದಿರುವುದು. ಆದಕಾರಣ ಪಾಸ್‌ವರ್ಡನ್ನೇ ಬದಲಾಯಿಸಬೇಕು. ಬದಲಾಯಿಸುವುದೆಂದರೆ ಮನೆಯ ಟೀವಿ, ಲ್ಯಾಪ್‌ಟಾಪ್, ಬಾಗಿಲ ಕ್ಯಾಮೆರಾ ಇವೆಲ್ಲಕ್ಕೂ ಹೊಸದನ್ನು ಮತ್ತೆ ಕಲಿಸಬೇಕು. ಒಂದು ಭಾನುವಾರವೆಲ್ಲ ಇದಕ್ಕೆ ಹೋಯಿತು. ಕ್ಯಾಮೆರಾ ಒಂದಕ್ಕೇ ಮಧ್ಯಾಹ್ನದ ಊಟವನ್ನು ಮೂರು ಗಂಟೆಗೆ ಮಾಡಬೇಕಾಯಿತು.

ಹಾಗೆಂದು ಈ ಸೌಕರ್ಯವನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವವರಲ್ಲ. ಹೆಚ್ಚಿನ ರೌಟರುಗಳಲ್ಲಿ ಅತಿಥಿಗಳಿಗೆಂದೇ ಎರಡನೆಯ ಹೆಸರನ್ನೂ ಎರಡನೆಯ ಪಾಸ್‌ವರ್ಡನ್ನೂ ಮಾಡಿಕೊಳ್ಳುವ ಏರ್ಪಾಡಿರುವುದು. ಗೆಸ್ಟ್ ನೆಟ್‌ವರ್ಕ್ ಎನ್ನುವರು. ಅದರಲ್ಲಿ ಸೇರಿದವರಿಗೆ ಇಂಟರ್ನೆಟ್ ದೊರೆಯುವುದು. ಆದರೆ ಸಾಮಾನ್ಯವಾಗಿ ಮನೆಯ ಒಳಗಿನ ಪ್ರಿಂಟರು, ಕ್ಯಾಮೆರಾ ಮುಂತಾದುವು ಕಾಣಿಸವು. ಹಳೆಯ ಮನೆಗಳಲ್ಲಿ ಪಡಸಾಲೆಯವರೆಗೆ ಎಲ್ಲರಿಗೂ ಪ್ರವೇಶವಿದ್ದು, ಒಳಕೋಣೆಗೆ ಮನೆಯವರು ಮಾತ್ರ ಹೋಗುತ್ತಿರಲಿಲ್ಲವೆ? ಅದೇ ಕ್ರಮ. ಗೋಡೆಗೆ ಅಂಟಿಸಲೇಬೇಕೆಂದರೆ ಈ ಅತಿಥಿಗಳ ಚೌಕವನ್ನು ಅಂಟಿಸಿ, ಸಮಾರಂಭವಾದ ಮಾರನೆಯ ದಿನ ಅದೊಂದನ್ನು ಬದಲಿಸಿದರಾಯಿತು. ಮನೆಯ ಟೀವಿಯಾಗಲಿ ಕ್ಯಾಮೆರಾವಾಗಲಿ ಮುನಿಯುವುದಿಲ್ಲ.

ಚೌಕವನ್ನು ಪಡೆಯುವ ಬಗೆ ಹೀಗೆ. ಈಗಾಗಲೇ ವೈಫೈಗೆ ಸೇರಿರುವ ಆಂಡ್ರಾಯ್ಡ್ ಮೊಬೈಲಿನಲ್ಲಿ ಸೆಟ್ಟಿಂಗ್ಸಿಗೆ ಹೋಗಿ, ವೈಫೈಯ ಪುಟದಲ್ಲಿ ನಿಮ್ಮ ಮನೆಯ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತನ್ನು ಒತ್ತಿದರೆ ಶೇರ್ ಎಂಬುದು ಕಾಣುವುದು. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವುಂಟು. ಅದನ್ನು ಒತ್ತಿದಾಗ ಮೊಬೈಲು ನಿಮ್ಮ ಬೆರಳಚ್ಚನ್ನೋ ಪಿನ್ ಸಂಖ್ಯೆಯನ್ನೋ ಕೇಳಿ, ಅನಂತರವೇ ಚೌಕವನ್ನು ತೋರಿಸುವುದು. ಕೆಲವು ಮೊಬೈಲುಗಳಲ್ಲಿ ಚೌಕದ ಅಡಿಯಲ್ಲಿಯೇ ಪಾಸ್‌ವರ್ಡು ಸಾಮಾನ್ಯ ಅಕ್ಷರಗಳಲ್ಲಿಯೂ ಬರೆದಿರುವುದು. ಯಂತ್ರವು ಯಜಮಾನನ ಬೆರಳನ್ನು ಪರೀಕ್ಷಿಸದೆ ತೋರಿಸದ ವಸ್ತುವನ್ನು ನಾವು ಎರಡು ಅಡಿ ಕಾಗದದ ಮೇಲೆ ಅಚ್ಚುಮಾಡಿಸಿದ್ದೆವಲ್ಲ ಎಂದು ಈಗ ನಗೆ ಬರುವುದು. ಐಫೋನಿನವರು 2024ರ ಹದಿನೆಂಟನೆಯ ಆವೃತ್ತಿಯಿಂದ ಈಚೆಗೆ ಪಾಸ್‌ವರ್ಡ್ಸ್ ಎಂಬ ಆಪ್‌ನಲ್ಲಿ, ವೈಫೈ ಎಂಬ ಭಾಗದಲ್ಲಿ ಇದನ್ನು ಪಡೆಯಬಹುದು. ಚೌಕವನ್ನು ಬರೆದುಕೊಡುವ ವೆಬ್‌ಸೈಟುಗಳೂ ಹಲವು ಇವೆ. ಆದರೆ ಗುರುತಿಲ್ಲದವರ ಕೈಗೆ ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಕೊಟ್ಟು ಚಿತ್ರ ಬರೆಸಿಕೊಳ್ಳುವುದು ನಮಗೆ ಒಪ್ಪಿಗೆಯಾಗದು. ಮೊಬೈಲೇ ಬರೆದುಕೊಡುವಾಗ ಆ ಗೊಡವೆ ಏತಕ್ಕೆ?

ಸೇರಬೇಕಾದವರು ಕ್ಯಾಮೆರಾವನ್ನು ತೆರೆದು ಚೌಕದ ಕಡೆಗೆ ಒಂದು ಗೇಣು ದೂರದಲ್ಲಿ ಹಿಡಿದರೆ ಸಾಕು. ಚೌಕವು ಸಿಕ್ಕಿದ ಕೂಡಲೆ ವೈಫೈಯ ಹೆಸರು ತೆರೆಯ ಮೇಲೆ ತೋರುವುದು, ಅದನ್ನು ಒತ್ತಬೇಕು. ಕ್ಯಾಮೆರಾವು ಒಪ್ಪದಿದ್ದರೆ ಸೆಟ್ಟಿಂಗ್ಸಿನ ವೈಫೈ ಪುಟದಲ್ಲಿ ಹೆಸರುಗಳ ಪಟ್ಟಿಯ ಬಳಿ ಚೌಕದ ಸಣ್ಣ ಗುರುತಿರುವುದು, ಅಲ್ಲಿಂದಲೂ ಓದಿಸಬಹುದು. ಹೊಳೆಯುವ ಪ್ಲಾಸ್ಟಿಕ್ ಹೊದಿಸಿದ ಕಾಗದದ ಮೇಲೆ ದೀಪದ ಬೆಳಕು ಬಿದ್ದರೆ ಓದಲಾಗದು. ಸ್ವಲ್ಪ ಓರೆಯಾಗಿ ಹಿಡಿಯಬೇಕು.

ಎಲ್ಲವೂ ಸರಿಯಾಗಿದ್ದು ಸಂಪರ್ಕವಾಗದಿದ್ದರೆ ಕಾರಣಗಳು ಕೆಲವೇ. ಪಾಸ್‌ವರ್ಡ್ ಬದಲಾದ ಮೇಲೆ ಹಳೆಯ ಚೌಕವು ಹಳೆಯ ಪಂಚಾಂಗದಂತೆ ನಿರುಪಯೋಗಿ. ಹಳೆಯ ಮೊಬೈಲುಗಳಲ್ಲಿ ಕೆಲವಕ್ಕೆ 5 ಗಿಗಾಹರ್ಟ್ಸ್ ಅಲೆಗಳು ಎಟುಕವು, ಅವುಗಳಿಗೆ 2.4 ಗಿಗಾಹರ್ಟ್ಸಿನ ಹೆಸರಿನ ಚೌಕವನ್ನೇ ಕೊಡಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಹೊಸ ಬೀಗವೊಂದನ್ನೇ ಹಾಕಿದ ಕಡೆಯೂ ಹಳೆಯ ಮೊಬೈಲುಗಳಿಗೆ ಪ್ರವೇಶವಿಲ್ಲ. ಸೇರಿಕೊಂಡಿತೆಂದು ತೋರಿಸಿಯೂ ಏನೂ ತೆರೆಯದಿದ್ದರೆ ಚೌಕವನ್ನು ಬಯ್ಯಬಾರದು. ಅದು ಡಬ್ಬಿಯವರೆಗೆ ಮಾತ್ರ ಕರೆದೊಯ್ಯುವುದು. ನಲ್ಲಿಯನ್ನು ತಿರುಗಿಸಿದವನು ತೊಟ್ಟಿಯಲ್ಲಿ ನೀರಿಲ್ಲದಿರುವುದಕ್ಕೆ ಹೊಣೆಯೆ?

ಹೊರಗಡೆ, ಹೋಟೆಲಿನಲ್ಲಾಗಲಿ ಬಸ್ಸು ನಿಲ್ದಾಣದಲ್ಲಾಗಲಿ ಅಂಟಿಸಿರುವ ಚೌಕಗಳ ವಿಷಯದಲ್ಲಿ ಒಂದು ಮಾತು. ಚೌಕದ ಮುಖ ನೋಡಿದರೆ ಅದು ವೈಫೈಯದೋ, ಹಣ ಕೊಡುವುದೋ, ಇನ್ನಾವುದಾದರೂ ಪುಟವನ್ನು ತೆರೆಯುವುದೋ ಮನುಷ್ಯರಿಗೆ ತಿಳಿಯದು. ಒಳಗಿನ ಸಾಲಿನ ಮೊದಲ ಅಕ್ಷರಗಳನ್ನು ನೋಡಿ ಮೊಬೈಲು ತಿಳಿದುಕೊಳ್ಳುವುದು. ಆದ್ದರಿಂದ ಒತ್ತುವುದಕ್ಕೆ ಮೊದಲು ತೆರೆಯ ಮೇಲೆ ಏನು ಬರೆದಿದೆಯೆಂದು ಓದಿಕೊಳ್ಳಬೇಕು. ವೈಫೈ ಬೇಕೆಂದು ಓದಿಸಿದಾಗ ಹಣದ ಮೊತ್ತವನ್ನು ಕೇಳುವ ಪುಟ ಬಂದರೆ ಅಲ್ಲಿಗೇ ಮುಚ್ಚಬೇಕು. ಅಂಗಡಿಯ ಗಲ್ಲದಲ್ಲಿ ಕುಳಿತವರನ್ನು, "ಇದು ನಿಮ್ಮದೇ ಏನಪ್ಪ?" ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಮನೆಯಲ್ಲಿ ಈಗ ಎರಡು ಚೌಕಗಳಿವೆ. ಅತಿಥಿಗಳದು ಪಡಸಾಲೆಯ ಮೇಜಿನ ಸೆಳೆಖಾನೆಯಲ್ಲಿರುವುದು. ಕೇಳಿದವರಿಗೆ ತೆಗೆದು ತೋರಿಸುವೆವು. ಹಿಂದಿನ ವಠಾರದ ಹುಡುಗರು ಪರೀಕ್ಷೆಯ ದಿನಗಳಲ್ಲಿ ಬಂದು ಕೇಳಿದಾಗ ಅವರಿಗೂ ಅದನ್ನೇ ತೋರಿಸಿದೆವು. ಮನೆಯವರದನ್ನು ಅಂಗೈಯಗಲದ ರಟ್ಟಿಗೆ ಅಂಟಿಸಿ, ದೇವರಮನೆಯ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಹಚ್ಚಿದೆ. ದೊಡ್ಡಮ್ಮನವರು ಕಳೆದ ವಾರ ಹೊಸ ಮೊಬೈಲಿನೊಡನೆ ಬಂದಿದ್ದರು. ಬೆಳಿಗ್ಗೆ ನಾವು ಏಳುವುದರೊಳಗೆ ಅವರೇ ಬೀರುವನ್ನು ತೆಗೆದು, ಕನ್ನಡಕವನ್ನು ಏರಿಸಿಕೊಂಡು, ಮೊಬೈಲನ್ನು ಚೌಕದ ಮುಂದೆ ಹಿಡಿದು, ಬೀರುವನ್ನು ಮತ್ತೆ ಮುಚ್ಚಿದ್ದರು. ನಾವು ಎದ್ದು ಬರುವ ಹೊತ್ತಿಗೆ ಅಮೆರಿಕದ ಮಗಳು ಅಡಿಗೆಗೆ ಏನು ಮಾಡಿದಳೆಂಬುದು ಅರ್ಧ ಹೇಳಿ ಮುಗಿದಿತ್ತು.